ನಂದಿಗ್ರಾಮದ ನಂಬಿಕೆ

ನಾಳೆ ಒಳ್ಳೆಯದೇ ಆಗುವುದೆಂಬ ಖಾತರಿಗೆ ನಂಬಿಕೆಯೆಂದು ಹೆಸರಿಟ್ಟುಕೊಂಡವರು ನಮ್ಮಲ್ಲಿ ಅನೇಕರು. ಅಂಥ ಖಾತರಿ ಯಾರಿಗೂ ಇಲ್ಲ. ಮುಂಗಾರು ಹೊತ್ತಿಗೆ ಸರಿಯಾಗಿ ಬರುವುದೆಂದು ರೈತನಿಗೆ ಯಾರೂ ಬರೆದುಕೊಟ್ಟಿಲ್ಲ. ಆದರೂ ಅವನು ಬಿತ್ತನೆಯ ಬೀಜವನ್ನು ತೆಗೆದಿರಿಸುತ್ತಾನೆ. ಮಳೆಯ ವಿಷಯದಲ್ಲಿ ಇಷ್ಟು ಸಹಜವಾದ ಈ ಧೈರ್ಯ ಮನೆಯ ವಿಷಯದಲ್ಲಿ ಏಕೆ ಕುಗ್ಗುತ್ತದೆ? ಪಾಲಾದ ಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರು, ಸಿಟ್ಟಿನಿಂದ ಹೊರಟುಹೋದ ಮಗ, ಹಬ್ಬಕ್ಕೂ ತೌರಿನ ಹೊಸ್ತಿಲು ತುಳಿಯದ ಮಗಳು—ಇಂಥ ಕಡೆ “ಇನ್ನೇನು ಉಳಿಯಿತು?” ಎಂಬ ಮಾತು ಬಹುಬೇಗ ಬಾಯಿಗೆ ಬರುತ್ತದೆ. ಮಳೆ ನಮ್ಮನ್ನು ಬೇಕೆಂದು ನೋಯಿಸುವುದಿಲ್ಲ. ಮನೆಯವರು ನೋಯಿಸುತ್ತಾರೆ, ಅದೂ ಎಷ್ಟೋ ವೇಳೆ ಪ್ರೀತಿಯ ಹೆಸರಿನಲ್ಲಿ.

ಅಯೋಧ್ಯೆಯ ಮನೆ ಒಡೆದದ್ದೂ ಹಾಗೆಯೇ. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಮಂಥರೆಯನ್ನು ಬರಿಯ ದುಷ್ಟೆಯೆಂದು ತಳ್ಳಿಬಿಡದೆ, ಭರತನ ಮೇಲಿನ ಕುರುಡು ಮಮತೆಯೇ ಅವಳ ಕೈಯಲ್ಲಿ ಆ ಕೆಲಸ ಮಾಡಿಸಿತೆಂದು ಕಂಡರು. ಆ ಮಮತೆಯ ಫಲವನ್ನು ಉಣ್ಣಬೇಕಾದವನು ಭರತ. ಸೋದರಮಾವನ ಮನೆಯಿಂದ ಅವನು ಬರುವಷ್ಟರಲ್ಲಿ ತಂದೆ ಸತ್ತಿದ್ದಾನೆ, ಅಣ್ಣ ಕಾಡು ಸೇರಿದ್ದಾನೆ; ಎರಡಕ್ಕೂ ಹೆತ್ತ ತಾಯಿಯೇ ಕಾರಣ. ವಾಲ್ಮೀಕಿಯಲ್ಲಿ ಅವನನ್ನು ಶಂಕಿಸದವರೇ ಕಡಮೆ. ಕೌಸಲ್ಯೆ ಚುಚ್ಚಿ ನುಡಿಯುತ್ತಾಳೆ, ಗುಹ ಅನುಮಾನಿಸುತ್ತಾನೆ, ಭರದ್ವಾಜರು ಪ್ರಶ್ನಿಸುತ್ತಾರೆ, ಚಿತ್ರಕೂಟದಲ್ಲಿ ಲಕ್ಷ್ಮಣ ಯುದ್ಧಕ್ಕೇ ಎದ್ದು ನಿಲ್ಲುತ್ತಾನೆ.

ಭರತ ತಾಯಿಯ ತಪ್ಪನ್ನು ಮುಚ್ಚಿಡಲಿಲ್ಲ, ಕಠಿಣವಾಗಿಯೇ ಆಡಿದ. ಆದರೂ ಅಣ್ಣನನ್ನು ಕರೆತರಲು ಹೊರಟಾಗ ಕೈಕೇಯಿಯೂ ಜೊತೆಯಲ್ಲಿದ್ದಳು. ರಾಮನಾದರೋ ಬೀಳ್ಕೊಡುವಾಗ, ಕೈಕೇಯಿಯನ್ನು ಕಾಪಾಡು, ಅವಳ ಮೇಲೆ ಕೋಪ ಬೇಡ ಎಂದು ಶತ್ರುಘ್ನನಿಗೆ ಹೇಳಿದ. ತಪ್ಪನ್ನು ತಪ್ಪೆನ್ನುವುದು ಬೇರೆ, ತಪ್ಪಿದವರನ್ನು ಮನೆಯಿಂದ ಹೊರಗಿಡುವುದು ಬೇರೆ. ಈ ವಿವೇಕ ನಮ್ಮ ಮನೆಗಳಲ್ಲಿ ಎಷ್ಟು ಅಪರೂಪ!

ಬಳಿಕ ನಂದಿಗ್ರಾಮದ 14 ವರ್ಷಗಳು. ನಾರುಮಡಿ ಉಟ್ಟು, ಪಾದುಕೆಗಳ ಮುಂದೆ ಎಲ್ಲವನ್ನೂ ಅರಿಕೆ ಮಾಡುತ್ತ ಭರತ ರಾಜ್ಯ ನಡೆಸಿದ. ರಾಮ ಮರಳುವುದು ಅವನಿಗೆ ನಿಶ್ಚಿತವಾಗಿತ್ತೆ? ಇಲ್ಲ. ಗಡುವಿನ ದಿನ ರಾಮ ಕಾಣದಿದ್ದರೆ ಬೆಂಕಿಗೆ ಬೀಳುವೆನೆಂದು ಮೊದಲೇ ಹೇಳಿದ್ದ. ಬರದೆ ಇರಬಹುದೆಂಬುದು ಅವನ ಲೆಕ್ಕದಲ್ಲಿ ಇದ್ದೇ ಇತ್ತು. ಅತ್ತ ರಾಮನೂ ಮರಳುವಾಗ ಹನುಮಂತನನ್ನು ಮುಂದಾಗಿ ಕಳುಹಿಸಿ, ತಾನು ಬರುವ ಸುದ್ದಿ ಕೇಳಿ ಭರತನ ಮುಖಭಾವ ಹೇಗಾಗುತ್ತದೆಂದು ನೋಡಿಬರಲು ಹೇಳುತ್ತಾನೆ. ಅಷ್ಟು ವರ್ಷ ರಾಜ್ಯ ಕೈಯಲ್ಲಿದ್ದರೆ ಯಾರ ಮನಸ್ಸು ತಿರುಗದು! ರಾಮನಲ್ಲಿಯೂ ಒಂದೆಳೆ ಸಂದೇಹ ಇಣುಕಿತೆಂದರೆ, ನಮ್ಮ ಸಂದೇಹಗಳಿಗಾಗಿ ನಾವು ಅಷ್ಟೊಂದು ನಾಚಬೇಕಾಗಿಲ್ಲ. ಸಂದೇಹ ನಂಬಿಕೆಯ ಹಗೆಯಲ್ಲ. ಕೈಚೆಲ್ಲುವುದು ಅದರ ಹಗೆ.

ಅಣ್ಣ ಬಂದಾಗ ಭರತ ಹೇಳಿದ ಮಾತುಗಳಲ್ಲಿ ಒಂದು ಲೆಕ್ಕದ ಮಾತು: ಬೊಕ್ಕಸ, ಕಣಜ, ಪಟ್ಟಣ, ಸೈನ್ಯ ಎಲ್ಲವೂ ಹತ್ತು ಮಡಿಯಾಗಿವೆ, ನೋಡಿಕೋ. ನಂಬಿಕೆಯ ನಿಜವಾದ ರೂಪ ಇದೆಂದು ತೋರುತ್ತದೆ. ಬರುವವನು ಬಂದೇ ಬರುವನೆಂಬ ಜ್ಞಾನವಲ್ಲ, ಬಂದರೆ ಒಪ್ಪಿಸಲು ಬೇಕಾದುದನ್ನು ಕೆಡದಂತೆ ಕಾಯುವ ಕೆಲಸ.

ರಾಮ ಬರದೆ ಹೋಗಿದ್ದರೆ? ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ, ಹೋದವರೆಲ್ಲ ಮರಳುವುದಿಲ್ಲ. ದಶರಥ ಮಗನ ಮುಖ ಕಾಣದೆಯೇ ಕಣ್ಣು ಮುಚ್ಚಿದ. ಆದರೆ ಆ 14 ವರ್ಷವೂ ಅಯೋಧ್ಯೆಯ ಪ್ರಜೆ ನೆಮ್ಮದಿಯಿಂದ ಉಂಡಿತು. ಆ ಫಲ ಯಾರ ಬರವಿಗೂ ಕಾಯಲಿಲ್ಲ.

ನಮ್ಮ ನಂದಿಗ್ರಾಮಗಳು ಬಹಳ ಸಣ್ಣವು. ಮಾತು ಬಿಟ್ಟ ತಮ್ಮನ ಪಾಲಿನ ತೆಂಗಿನಕಾಯಿಯ ಹಣವನ್ನು ಬೇರೆ ಬರೆದಿಡುವುದು. ಮಕ್ಕಳ ಮುಂದೆ ಚಿಕ್ಕಪ್ಪನನ್ನು ಹಳಿಯದಿರುವುದು. ತಾಯಿಯ ಔಷಧಿಗೆ ಯಾರ ಸರದಿಯೆಂದು ಕೇಳದೆ ತಂದುಕೊಡುವುದು. ಇಷ್ಟು ಮಾಡಿದವನು ನಾಳೆ ಏನಾದೀತೆಂದು ಬಲ್ಲವನಲ್ಲ. ಬಾಗಿಲು ಬಡಿದ ಸದ್ದಾದರೆ, ಎದ್ದು ತೆರೆಯಲು ಅವನಿಗೆ ಮುಜುಗರವಿರುವುದಿಲ್ಲ, ಅಷ್ಟೆ.