ವಿದ್ಯಾರ್ಥಿಸಹಾಯವೂ ಕೊಡುವವನ ಲಜ್ಜೆಯೂ

ಬಡ ವಿದ್ಯಾರ್ಥಿಗೆ ನೆರವಾಗುವುದು ಪುಣ್ಯಕಾರ್ಯವೆಂಬುದರಲ್ಲಿ ನಮ್ಮವರಿಗೆ ಭಿನ್ನಾಭಿಪ್ರಾಯವಿಲ್ಲ. ಜೂನ್ ತಿಂಗಳು ಬಂದಿತೆಂದರೆ ಊರೂರಿನ ಯುವಕ ಸಂಘಗಳೂ ಮಹಿಳಾ ಸಮಾಜಗಳೂ ಹಳೆಯ ವಿದ್ಯಾರ್ಥಿಗಳ ಸಂಘಗಳೂ ಸರ್ಕಾರಿ ಶಾಲೆಯ ಮಕ್ಕಳಿಗೆ ಬರೆಯುವ ಪುಸ್ತಕ, ಚೀಲ, ಕೊಡೆಗಳನ್ನು ಹಂಚುತ್ತವೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇಲ್ಲಿ ವಿಚಾರಾರ್ಹವಾದ ಪ್ರಶ್ನೆಯೊಂದುಂಟು. ಈ ವ್ಯವಹಾರದಲ್ಲಿ ನಾಚಿಕೆಯು ಯಾರ ಪಾಲಿಗೆ ಬರತಕ್ಕದ್ದು? ಕೊಡುವವನಿಗೋ, ತೆಗೆದುಕೊಳ್ಳುವವನಿಗೋ?

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ಅಧ್ಯಯನವನ್ನು ಮುಗಿಸಿದ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶದೊಳಗೆ ದಾನದ ಮಾತು ಬರುತ್ತದೆ. ಶ್ರದ್ಧೆಯನ್ನು ವಿಧಿಸಿದಂತೆಯೇ ಅಲ್ಲಿ ಲಜ್ಜೆಯನ್ನೂ ವಿಧಿಸಿದೆ; ವಿಧಿಸಿರುವುದು ಕೊಡುವವನಿಗೆ. ನಾನು ಕೊಡುವುದು ಎಷ್ಟು ಅಲ್ಪವೆಂದೂ, ನನ್ನಲ್ಲಿ ಹೆಚ್ಚಾಗಿ ಉಳಿದದ್ದು ಕೇವಲ ನನ್ನ ಯೋಗ್ಯತೆಯಿಂದ ಬಂದುದಲ್ಲವೆಂದೂ ಬಲ್ಲವನಿಗೆ ಕೊಡುವಾಗ ತಲೆಯು ತಾನಾಗಿಯೇ ಬಾಗುತ್ತದೆ. ಈಗ ನಾವು ಮಾಡುತ್ತಿರುವುದೇನು? ಮಗುವನ್ನು ವೇದಿಕೆಗೆ ಕರೆದು, ಹೆಸರನ್ನು ಕೂಗಿ, ಚೀಲವನ್ನು ನಾಲ್ವರು ಹಿಡಿದು ಛಾಯಾಚಿತ್ರ ತೆಗೆಸುತ್ತೇವೆ. ಕೊಡುವವರು ತಲೆಯೆತ್ತಿ ನಗುತ್ತಾರೆ. ಮಗುವು ನೆಲ ನೋಡುತ್ತದೆ. ಲಜ್ಜೆಯು ಸ್ಥಾನಪಲ್ಲಟವಾಗಿದೆ.

ನಮ್ಮ ಹಿಂದಿನ ವಾರಾನ್ನದ ಪದ್ಧತಿಯನ್ನು ಇಲ್ಲಿ ಸ್ಮರಿಸಬಹುದು. ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿದವರು ನಮ್ಮ ನಾಡಿನಲ್ಲಿ ಅಸಂಖ್ಯಾತರು. ಭಾರವು ಹಂಚಿಹೋಗುತ್ತಿದ್ದುದು ಅದರ ಗುಣ. ಆದರೆ ಯಾವ ಮನೆಯ ಅನ್ನದ ಜೊತೆಗೆ ಗಂಟುಮುಖವೂ ಬಡಿಸಲ್ಪಡುತ್ತದೆಂದು ಬಾಲಕನಿಗೆ ಗೊತ್ತಿರುತ್ತಿತ್ತು. ಮೇಲಾಗಿ ಆ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆಯುತ್ತಿರಲಿಲ್ಲ. ಶಾಲೆಯ ಬಾಗಿಲೂ ಅಷ್ಟೆ. ಹಾಗೆ ಹೊರಗುಳಿದವರ ಮಕ್ಕಳಿಗಾಗಿ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ಶಾಲೆಯನ್ನೇ ತೆರೆಯಬೇಕಾಯಿತು.

ಶಿವಶರಣರು ಬಳಕೆಗೆ ತಂದ ದಾಸೋಹವೆಂಬ ಮಾತು ಈ ದೋಷಕ್ಕೆ ಒಳ್ಳೆಯ ಔಷಧವಾಗಿದೆ. ದಾಸನು ನಾನು ಎಂಬುದು ಆ ಪದದ ಅರ್ಥ. ಇಲ್ಲಿ ದಾಸನೆನಿಸುವವನು ಉಣ್ಣುವವನಲ್ಲ, ಉಣಿಸುವವನು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಜಾತಿಮತಭೇದವಿಲ್ಲದೆ ಸಹಸ್ರಾರು ಮಕ್ಕಳಿಗೆ ಅನ್ನಾಶ್ರಯಗಳನ್ನು ಕೊಟ್ಟು ಓದಿಸಿದುದನ್ನು ನಾಡೆಲ್ಲ ಬಲ್ಲದು. ಅಲ್ಲಿಗೆ ಸುತ್ತಲಿನ ರೈತರು ಧಾನ್ಯವನ್ನು ಒಪ್ಪಿಸುತ್ತಾರೆ. ಆದರೆ ಯಾವ ಮುದ್ದೆಯು ಯಾರ ಹೊಲದ ರಾಗಿಯದೆಂದು ಉಣ್ಣುವ ಬಾಲಕನಿಗೆ ತಿಳಿಯದು. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಮೊದಲುಗೊಂಡ ಶಾಲೆಯ ಮಧ್ಯಾಹ್ನದ ಊಟಕ್ಕೂ ಸರ್ಕಾರವು ಅಕ್ಷರ ದಾಸೋಹವೆಂದೇ ಹೆಸರಿಟ್ಟಿತು. ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವಲ್ಲಿ ಬಡವನಾರೆಂದು ಬೆರಳಿಟ್ಟು ತೋರಿಸಲಾಗದು.

ಹೆಸರನ್ನು ಮೆರೆಸದಿದ್ದರೆ ಹಣವನ್ನು ಯಾರು ಕೊಟ್ಟಾರು ಎಂದು ಸಂಘದ ಕಾರ್ಯದರ್ಶಿಗಳು ಕೇಳಬಹುದು. ಆಕ್ಷೇಪಣೆಯು ನಿರಾಧಾರವಲ್ಲ. ದಾತೃಗಳ ಹೆಸರನ್ನು ವರದಿಯಲ್ಲಿ ಅಚ್ಚುಮಾಡಿಸಲಿ. ಪೈಸೆ ಪೈಸೆಯ ಲೆಕ್ಕವನ್ನೂ ಸಭೆಯಲ್ಲಿ ಓದಲಿ. ಲೆಕ್ಕವು ಬಹಿರಂಗವಾಗಿರಬೇಕಾದುದು ನ್ಯಾಯ. ಮಗುವಿನ ಬಡತನವು ಬಹಿರಂಗವಾಗಬೇಕಾದ ಕಾರಣವಿಲ್ಲ. ಚೀಲವನ್ನು ತರಗತಿಯ ಎಲ್ಲರಿಗೂ ಕೊಡಬಹುದು. ಇಲ್ಲವೆ ಉಪಾಧ್ಯಾಯರ ಮೂಲಕ ಸದ್ದಿಲ್ಲದೆ ಮನೆಗೆ ಮುಟ್ಟಿಸಬಹುದು.

ಇನ್ನೊಂದು ಮಾತು. ಲಜ್ಜೆಯುಳ್ಳವನು ಕೊಡುವುದಕ್ಕೆ ಮೊದಲು ಕೇಳುತ್ತಾನೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು, ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೂ ಪೋಷಕರೂ ಇರಬೇಕೆಂದೂ, ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ವಿಧಿಸಿದೆ. ಅವರನ್ನು ಕೇಳಿದರೆ ನಿಜವಾದ ಕೊರತೆಯು ತಿಳಿಯುತ್ತದೆ. ರಾಯಚೂರು, ಯಾದಗಿರಿಗಳ ಒಣಭೂಮಿಯ ಕುಟುಂಬಗಳು ಸುಗ್ಗಿಯ ತರುವಾಯ ಕೂಲಿಗಾಗಿ ಗುಳೆ ಹೊರಡುತ್ತವೆ. ಅವರೊಡನೆ ಮಗುವೂ ಶಾಲೆಯನ್ನು ಬಿಟ್ಟು ಹೊರಡುತ್ತದೆ. ಅಂಥ ಮಗುವನ್ನು ಊರಿನಲ್ಲಿಯೇ ಉಳಿಸಿಕೊಂಡು, ಎರಡು ಹೊತ್ತಿನ ಅನ್ನವನ್ನೂ ಮಲಗಲು ಭದ್ರವಾದ ಸ್ಥಳವನ್ನೂ ನಾಲ್ಕು ತಿಂಗಳು ಒದಗಿಸುವ ಸಂಘವು ನೂರು ಚೀಲಗಳನ್ನು ಹಂಚಿದ ಸಂಘಕ್ಕಿಂತ ಮೇಲು. ಇದರ ಛಾಯಾಚಿತ್ರವು ಚೆನ್ನಾಗಿ ಬರಲಾರದು, ಅಷ್ಟೆ.

ಮನುಷ್ಯನು ಹುಟ್ಟುವಾಗಲೇ ಋಷಿಋಣವನ್ನು ಹೊತ್ತು ಬರುತ್ತಾನೆಂದು ನಮ್ಮ ಹಿರಿಯರ ನಂಬಿಕೆ. ಅಧ್ಯಯನದಿಂದ ಅದು ತೀರುತ್ತದೆನ್ನುತ್ತಾರೆ. ನಾಲ್ಕಕ್ಷರ ಕಲಿತವರೆಲ್ಲರೂ ಯಾರದೋ ಅನ್ನವನ್ನುಂಡು, ಯಾರೋ ಕಟ್ಟಿಸಿದ ಶಾಲೆಯಲ್ಲಿ ಕುಳಿತು ಕಲಿತವರೇ ಆದುದರಿಂದ, ಇನ್ನೊಬ್ಬನ ಓದಿಗೆ ನೆರವಾಗುವುದೂ ಆ ಋಣದ ಸಂದಾಯವೇ ಆಗಿದೆ. ಸಾಲ ತೀರಿಸಿದವನಿಗೆ ಹಾರ ಹಾಕುವ ಪದ್ಧತಿಯು ಲೋಕದಲ್ಲೆಲ್ಲಿಯೂ ಇಲ್ಲ. ಇದನ್ನು ನಮ್ಮ ಜಿಲ್ಲೆಯ ಸಂಘಗಳು ಮುಂದಿನ ಜೂನಿಗೆ ಮೊದಲೇ ಪರ್ಯಾಲೋಚಿಸಬೇಕೆಂದು ನಮ್ಮ ಪ್ರಾರ್ಥನೆ.