ಪರ್ಷಿಯನ್ನರು ಯಾರ ಮಕ್ಕಳು?



ಶಹಾಪುರದ ಒಂದು ಮನೆಯಲ್ಲಿ ಸಂಜೆಯ ಜಪಸರ ಮುಗಿದ ಮೇಲೆ ಕಾಲೇಜು ಓದುವ ಹುಡುಗನೊಬ್ಬ ಬೈಬಲ್ ಹಿಡಿದು ಬಂದು ಕೇಳಿದ: "ಫಾದರ, ಆದಿಕಾಂಡದ 10ನೇ ಅಧ್ಯಾಯದಾಗ ನೋವನ ಮಕ್ಕಳಿಂದ ಹುಟ್ಟಿದ ಜನಾಂಗಗಳ ಪಟ್ಟಿ ಐತಿ. ಅದರಾಗ ಪರ್ಷಿಯನ್ನರು ಎಲ್ಲಿ ಅದಾರ್ರೀ?"

ನಾನು ಉತ್ತರಿಸುವಷ್ಟರಲ್ಲಿ ಅವನ ತಾಯಿ ಚಹಾ ತಂದಿಟ್ಟು ಬೇರೆ ಮಾತು ತೆಗೆದರು. ಮಗಳಿಗೆ ಖಾನಾಪುರದ ಕಡೆಯಿಂದ ಬಂದ ಸಂಬಂಧವನ್ನು ಬೇಡವೆಂದು ಹೇಳಿ ಕಳಿಸಿದ್ದರಂತೆ. "ಹುಡುಗ ಚಲೋ ಅದಾನ್ರೀ ಫಾದರ. ಪೂಜಿ ತಪ್ಪಸಂಗಿಲ್ಲ, ನೌಕರೀನೂ ಐತಿ. ಆದ್ರ ಅವರ ಮೂಲ ಯಾವುದೋ ಏನೋ!" ನಾನು ಏನೂ ಹೇಳದೆ ಚಹಾ ಕುಡಿದು ಎದ್ದು ಬಂದೆ. ಮಗನ ಪ್ರಶ್ನೆಗೂ ತಾಯಿಯ ಮಾತಿಗೂ ಉತ್ತರ ಒಂದೇ ಎಂಬುದು ಹೊಳೆದದ್ದು ದಾರಿಯಲ್ಲಿ. ಅಂದು ಹೇಳದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹುಡುಗನ ಪ್ರಶ್ನೆ. ಆ ಪಟ್ಟಿಯಲ್ಲಿ ಪರ್ಷಿಯನ್ನರ ಹೆಸರು ಇಲ್ಲವೇ ಇಲ್ಲ. ಯೆಫೆತನ ಮಕ್ಕಳಲ್ಲಿ ಮಾದಯ್ ಎಂಬವನಿದ್ದಾನೆ. ಅವನು ಮೇದ್ಯರ ಮೂಲಪುರುಷ. ಶೇಮನ ಮಕ್ಕಳಲ್ಲಿ ಏಲಾಮನಿದ್ದಾನೆ. ಮೇದ್ಯರು ಭಾಷೆಯಲ್ಲಿ ಪರ್ಷಿಯನ್ನರ ಬಂಧುಗಳು. ದಾನಿಯೇಲನ ಗ್ರಂಥ ಈ ಎರಡು ಹೆಸರುಗಳನ್ನು ಜೊತೆಯಾಗಿಯೇ ಹೇಳುತ್ತದೆ. ಏಲಾಮ್ ಎಂಬುದಾದರೋ ಪರ್ಷಿಯನ್ನರು ಬಂದು ನೆಲೆಸಿದ ಸೀಮೆ. ಹಾಗಾದರೆ ಅವರು ಯೆಫೆತನ ಕುಲವೋ, ಶೇಮನ ಕುಲವೋ? ಮೊದಲನೆಯ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಏಲಾಮನೇ ಪರ್ಷಿಯನ್ನರ ಮೂಲವೆಂದು ಬರೆದ. ಗ್ರೀಕರು ಹೆಸರಿನ ಹೋಲಿಕೆ ಹಿಡಿದು, ತಮ್ಮ ವೀರ ಪೆರ್ಸಿಯಸನ ಮಗನಿಂದ ಅವರು ಹುಟ್ಟಿದರೆಂದರು.

ಇತಿಹಾಸ ಏನು ಹೇಳುತ್ತದೆ? ಇರಾನಿ ಭಾಷೆಯನ್ನಾಡುವ ಜನರು ಇಂದಿನ ಇರಾನಿನ ನೈಋತ್ಯ ಭಾಗಕ್ಕೆ ಬಂದು, ಅಲ್ಲಿ ಬಹು ಹಿಂದಿನಿಂದ ಬಾಳುತ್ತಿದ್ದ ಏಲಾಮ್ಯರೊಡನೆ ಬೆರೆತರು. ಬಂದವರ ಭಾಷೆ ಸಂಸ್ಕೃತಕ್ಕೆ ಹತ್ತಿರದ್ದು: ನಮ್ಮ 'ಸಪ್ತ' ಅವರ ಅವೆಸ್ತಾ ಗ್ರಂಥದಲ್ಲಿ 'ಹಪ್ತ', ನಮ್ಮ 'ಅಸುರ' ಅಲ್ಲಿ 'ಅಹುರ'. ಏಲಾಮ್ಯರ ಭಾಷೆ ಬೇರೆಯೇ. ಅದಕ್ಕೂ ನಮ್ಮ ದ್ರಾವಿಡ ಭಾಷೆಗಳಿಗೂ ನಂಟು ಕಲ್ಪಿಸಿದ ವಿದ್ವಾಂಸರಿದ್ದಾರೆ. ಹೆಚ್ಚಿನವರು ಅದನ್ನು ಒಪ್ಪಿಲ್ಲ.

ಅರಸ ಡೇರಿಯಸ್ ತನ್ನ ಸಮಾಧಿಯ ಬಂಡೆಯ ಮೇಲೆ, ತಾನು ಪರ್ಷಿಯನ್, ಪರ್ಷಿಯನ್ನನ ಮಗ, ಆರ್ಯಕುಲದವನು ಎಂದು ಕೆತ್ತಿಸಿದ. ಆದರೆ 1933-34ರಲ್ಲಿ ಅವನ ರಾಜಧಾನಿ ಪರ್ಸೆಪೊಲಿಸ್‌ನಲ್ಲಿ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕವು. ಕೂಲಿಯವರಿಗೆ ಅಳೆದುಕೊಟ್ಟ ಧಾನ್ಯದ ಲೆಕ್ಕ, ಪ್ರಯಾಣಿಕರಿಗೆ ಕೊಟ್ಟ ಪಡಿಯ ಲೆಕ್ಕ, ಹೆಚ್ಚಿನವೆಲ್ಲ ಏಲಾಮ್ಯ ಭಾಷೆಯಲ್ಲಿವೆ! ಬಂಡೆಯ ಮೇಲೆ ಒಂದು ಕುಲದ ಹೆಮ್ಮೆ. ದಿನದ ಲೆಕ್ಕದಲ್ಲಿ ಇನ್ನೊಂದು ಜನದ ಉಪಕಾರ.

ನಮ್ಮ ಊರೂ ಹೀಗೆಯೇ ಅಲ್ಲವೇ? ಶಹಾಪುರ ಎಂಬ ಹೆಸರನ್ನೇ ನೋಡಿ. 'ಶಹಾ' ಪರ್ಷಿಯನ್ನರ ಅರಸ, 'ಪುರ' ಸಂಸ್ಕೃತದ ಪಟ್ಟಣ. ಸ್ವಾತಂತ್ರ್ಯ ಬರುವವರೆಗೆ ಈ ಪೇಟೆ ಸಾಂಗಲಿ ಸಂಸ್ಥಾನದಲ್ಲಿತ್ತು. ಇಲ್ಲಿ ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಆಡುವವರಿದ್ದಾರೆ. ನಾವು ದಿನವೂ ಆಡುವ ಜಮೀನು, ಸರ್ಕಾರ, ಬಜಾರು, ರುಮಾಲು ಎಲ್ಲವೂ ಪರ್ಷಿಯನ್ ಮಾತುಗಳೇ. ಇಷ್ಟೆಲ್ಲ ಬೆರೆತ ಮೇಲೂ ಅಪ್ಪಟ ಮೂಲ ಹುಡುಕುತ್ತೇವೆ.

ಪವಿತ್ರ ಗ್ರಂಥ ಪರ್ಷಿಯನ್ನರ ವಂಶವೃಕ್ಷವನ್ನು ಬಿಡಿಸಿಟ್ಟಿಲ್ಲ. ಆದರೆ ಅವರ ಅರಸ ಸೈರಸ್ ಮಾಡಿದ ಕಾರ್ಯವನ್ನು ಮರೆತಿಲ್ಲ. ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಗೆದ್ದ ಅವನು ಸೆರೆಯಲ್ಲಿದ್ದ ಯೆಹೂದ್ಯರಿಗೆ ಊರಿಗೆ ಮರಳಿ ದೇವಾಲಯ ಕಟ್ಟಲು ಅಪ್ಪಣೆಯಿತ್ತನೆಂದು ಎಜ್ರನ ಗ್ರಂಥ ಹೇಳುತ್ತದೆ. ಪ್ರವಾದಿ ಯೆಶಾಯನ ಗ್ರಂಥದ 45ನೇ ಅಧ್ಯಾಯ ಈ ಅನ್ಯಜನನನ್ನು ದೇವರ ಅಭಿಷಿಕ್ತನೆಂದು ಕರೆಯುತ್ತದೆ. 'ಕ್ರಿಸ್ತ' ಎಂಬ ಪದದ ಅರ್ಥವೂ ಅದೇ. ಅದೇ ವೇಳೆ, ಕುಲದ ಅಭಿಮಾನ ಮೆರೆದ ಜೆರುಸಲೇಮಿಗೆ ಪ್ರವಾದಿ ಯೆಜೆಕಿಯೇಲನು, ನಿನ್ನ ತಂದೆ ಅಮೋರಿಯ, ತಾಯಿ ಹಿತ್ತಿಯಳು ಎಂದು ನೆನಪಿಸುತ್ತಾನೆ. ಯೇಸುಸ್ವಾಮಿಯ ವಂಶಾವಳಿಯಲ್ಲೂ ಸಂತ ಮತ್ತಾಯರು ಮೋವಾಬಿನ ರೂತಳನ್ನು ಮುಚ್ಚಿಡಲಿಲ್ಲ.

ಹಾಗಾದರೆ ಹಿರಿಯರನ್ನು ನೆನೆಯಬಾರದೇ? ತಂದೆತಾಯಿಗಳನ್ನು ಗೌರವಿಸೆಂಬುದು ದೇವರ ಕಟ್ಟಳೆ ತಾನೇ? ಖಂಡಿತ ನೆನೆಯಬೇಕು. ಆದರೆ ಕೃತಜ್ಞತೆ ಬೇರೆ, ಗರ್ವ ಬೇರೆ. 'ನಾನು ಯಾರ ಋಣದಲ್ಲಿದ್ದೇನೆ?' ಎಂದು ಕೃತಜ್ಞತೆ ಕೇಳುತ್ತದೆ. 'ನನಗಿಂತ ಕೀಳು ಯಾರು?' ಎಂದು ಗರ್ವ ಕೇಳುತ್ತದೆ. ಎರಡೂ ಅದೇ ಅಜ್ಜನ ಹೆಸರನ್ನೇ ಹೇಳಬಹುದು. ಆದ್ದರಿಂದಲೇ ನಾವು ಸುಲಭವಾಗಿ ಮೋಸಹೋಗುತ್ತೇವೆ. ಮೇಲಾಗಿ, ಒಬ್ಬನು ಎಲ್ಲಿಂದ ಬಂದನೆಂಬುದು ಅವನ ಕೈಯಲ್ಲಿರಲಿಲ್ಲ. ಹೇಗೆ ಬಾಳುತ್ತಾನೆಂಬುದು ಅವನ ಕೈಯಲ್ಲಿದೆ. ಕೈಯಲ್ಲಿಲ್ಲದುದಕ್ಕಾಗಿ ಒಬ್ಬನನ್ನು ತಿರಸ್ಕರಿಸುವುದು ನ್ಯಾಯವಲ್ಲ.

ಪ್ರೇಷಿತರ ಕಾರ್ಯಕಲಾಪಗಳ 2ನೇ ಅಧ್ಯಾಯ ತೆರೆದು ನೋಡಿ. ಪಂಚಾಶತ್ತಮ ದಿನದಂದು ಜೆರುಸಲೇಮಿನಲ್ಲಿ ನೆರೆದವರಲ್ಲಿ ಮೇದ್ಯರೂ ಏಲಾಮ್ಯರೂ ಅಕ್ಕಪಕ್ಕದಲ್ಲಿದ್ದಾರೆ. ಆದಿಕಾಂಡದಲ್ಲಿ ಒಂದು ಹೆಸರು ಯೆಫೆತನ ಸಾಲಿನಲ್ಲಿ, ಇನ್ನೊಂದು ಶೇಮನ ಸಾಲಿನಲ್ಲಿ. ಇಲ್ಲಿ ಒಂದೇ ಸಾಲಿನಲ್ಲಿ. ಯಾರ ಭಾಷೆಯೂ ಅಳಿಯಲಿಲ್ಲ. ಪ್ರತಿಯೊಬ್ಬನೂ ತನ್ನ ತಾಯ್ನುಡಿಯಲ್ಲೇ ಕೇಳಿದ. ಯಾರ ಮೂಲವನ್ನೂ ಯಾರೂ ವಿಚಾರಿಸಲಿಲ್ಲ.

ಈ ವಾರ ಆ ಮನೆಗೆ ಮತ್ತೆ ಹೋಗುವವನಿದ್ದೇನೆ. ಹುಡುಗನಿಗೆ ಪಟ್ಟಿಯ ವಿಷಯ ಹೇಳಬೇಕು. ತಾಯಿಗೂ ಒಂದು ಮಾತು ಕೇಳಬೇಕು: "ಅಮ್ಮಾ, ಹುಡುಗ ಒಳ್ಳೆಯವನೆಂದು ನೀವೇ ಹೇಳಿದಿರಲ್ಲ, ಇನ್ನೇನು ಬೇಕಿತ್ತು?" ಈ ಸಲ ಚಹಾ ಆರಿದರೂ ಚಿಂತೆಯಿಲ್ಲ.