ಊರಿಂದ ದೂರದ ಈದ್



ಕಳೆದ ಈದುಲ್ ಫಿತ್ರ್‌ನ ಹಿಂದಿನ ದಿನ ಅಸ್ರ್ ನಮಾಝ್ ಮುಗಿಸಿ ಮಸ್ಜಿದ್‌ನ ಮೆಟ್ಟಿಲು ಇಳಿಯುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಫೋನ್ ಬಂತು. ಅವನು ರಿಯಾದ್‌ನಲ್ಲಿ ದುಡಿಯುತ್ತಾನೆ. ಹೆಂಡತಿ ಮಕ್ಕಳೂ ಅಲ್ಲಿಯೇ ಇದ್ದಾರೆ. ಅಲ್ಲಿ ಚಂದ್ರದರ್ಶನವಾಗಿ ಅಂದೇ ಹಬ್ಬ. ಇಲ್ಲಿ ಕಲಘಟಗಿಯಲ್ಲಿ ನಮಗೆ ಇನ್ನೂ ಉಪವಾಸ.

“ಹಜರತ್, ಬೆಳಿಗ್ಗೆಯೇ ನಮಾಝ್ ಮುಗಿಸಿ ಬಂದೆವು. ಹೊಸ ಬಟ್ಟೆ ಇದೆ, ಬಿರಿಯಾನಿ ಇದೆ. ಆದರೆ ಬಾಗಿಲು ತಟ್ಟುವವರು ಒಬ್ಬರೂ ಇಲ್ಲ. ಇದೂ ಒಂದು ಈದೇ?” ಎಂದು ಕೇಳಿದ. ಏನು ಹೇಳಬೇಕೆಂದು ನನಗೆ ತಕ್ಷಣ ತೋಚಲಿಲ್ಲ.

ಮರುದಿನ ಈದ್ ನಮಾಝ್ ಆದ ಮೇಲೆ ಅವನ ತಾಯಿಯ ಮನೆಗೆ ಹೋದೆ. ನೆರೆಮನೆಯ ಲಿಂಗಾಯತ ತಾಯಿ ನಸುಕಿನಲ್ಲೇ ಹಾಲು ಕಳಿಸಿದ್ದರು. ಅದರಲ್ಲಿ ಮಾಡಿದ ಸುರಕುಂಬಾ ನನ್ನ ಮುಂದಿಟ್ಟರು. ಮಗನ ಹಣ ವೇಳೆಗೆ ಸರಿಯಾಗಿ ಬಂದಿತ್ತು. ಮೈಮೇಲೆ ಹೊಸ ಸೀರೆ ಇತ್ತು. “ಎಲ್ಲಾ ಕಳಿಸ್ಯಾನ್ರಿ ಹಜರತ್. ಆದ್ರ ಬಾಗಿಲ ಕಡೆ ನೋಡೂದು ಬಿಡಾಕ ಆಗವಲ್ದು” ಎಂದರು.

ಸತ್ಯ ಹೇಳಬೇಕು. ಆ ತಾಯಿಯ ಮನೆ ನನ್ನ ಮನೆಯಿಂದ ಎರಡೇ ಓಣಿ ಆಚೆ. ಮಗ ರಿಯಾದ್‌ನಿಂದ ಫೋನ್ ಮಾಡದೇ ಇದ್ದಿದ್ದರೆ ನಾನು ಅತ್ತ ಹೋಗುತ್ತಲೇ ಇರಲಿಲ್ಲ. ಅಲ್ಲಿ ಒಂದು ಬಾಗಿಲು, ಇಲ್ಲಿ ಒಂದು ಬಾಗಿಲು. ಎರಡೂ ಯಾರಾದರೂ ಬರಲಿ ಎಂದು ಕಾಯುತ್ತಿದ್ದವು.

ಕನ್ನಡದಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವನು ಎಂದಷ್ಟೇ ಅಲ್ಲ, ದಿಕ್ಕಿಲ್ಲದವನು ಎಂದೂ ಅರ್ಥ. ಅರಬಿಯಲ್ಲಿ ‘ಗರೀಬ್’ ಎಂದರೆ ಪರಸ್ಥಳದವನು, ಅಪರಿಚಿತ. ಅದೇ ಶಬ್ದ ಉರ್ದುವಿಗೂ ನಮ್ಮ ಕನ್ನಡಕ್ಕೂ ಬಂದು ‘ಬಡವ’ ಎಂದಾಯಿತು. ಊರು ಬಿಟ್ಟವನಲ್ಲಿ ಏನೋ ಒಂದು ಕೊರತೆ ಇರುತ್ತದೆ ಎಂದು ಭಾಷೆಗಳೇ ಸಾಕ್ಷಿ ಹೇಳುತ್ತಿವೆ. ಪವಿತ್ರ ಕುರ್‌ಆನ್ ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಹೇಳುವಾಗ ದಾರಿಹೋಕನನ್ನೂ ಅವರಲ್ಲಿ ಸೇರಿಸಿದೆ. ಹಾಗಾದರೆ ಊರಿಂದ ದೂರವಾದವನ ಈದ್ ಅರ್ಧ ಈದೇ?

ಸಹೋದರರೇ, ಇತಿಹಾಸದ ಕಡೆಗೊಮ್ಮೆ ನೋಡೋಣ. ರಮಝಾನ್ ಉಪವಾಸ ಕಡ್ಡಾಯವಾದದ್ದು ಹಿಜ್ರಾ 2ನೇ ವರ್ಷ, ಅಂದರೆ ಕ್ರಿ.ಶ. 624ರಲ್ಲಿ. ಮುಸ್ಲಿಮರು ಮೊದಲ ಈದುಲ್ ಫಿತ್ರ್ ಆಚರಿಸಿದ್ದು ಮಕ್ಕಾದಲ್ಲಿ ಅಲ್ಲ, ಮದೀನಾದಲ್ಲಿ. ಆ ಸಾಲಿನಲ್ಲಿ ನಿಂತವರಲ್ಲಿ ಮುಹಾಜಿರರೂ ಇದ್ದರು. ಮನೆ, ಹೊಲ, ಬಂಧು ಬಳಗ ಎಲ್ಲವನ್ನೂ ಬಿಟ್ಟು ಬಂದವರು ಅವರು. ಪ್ರವಾದಿವರ್ಯರೇ(ಸ) ಅವರಲ್ಲೊಬ್ಬರು. ಅಂದರೆ ನಮ್ಮ ಸಮುದಾಯದ ಮೊದಲ ಈದ್ ಊರು ಬಿಟ್ಟವರ ಈದ್ ಆಗಿತ್ತು!

ಅವರಿಗೆ ಊರಿನ ನೆನಪಿರಲಿಲ್ಲವೇ? ಮದೀನಾಕ್ಕೆ ಬಂದ ಹೊಸತರಲ್ಲಿ ಹಝ್ರತ್ ಬಿಲಾಲ್(ರ) ಜ್ವರದಿಂದ ಮಲಗಿದ್ದರು. ಜ್ವರ ಸ್ವಲ್ಪ ಇಳಿದಾಗಲೆಲ್ಲ ದನಿಯೆತ್ತಿ ಮಕ್ಕಾದ ಕಣಿವೆಯನ್ನೂ ಅಲ್ಲಿಯ ಹುಲ್ಲನ್ನೂ ನೆನೆಯುತ್ತಿದ್ದರೆಂದು ಇಮಾಮ್ ಬುಖಾರಿ(ರ) ಸಂಗ್ರಹಿಸಿದ ಹದೀಸ್‌ನಲ್ಲಿದೆ. ಆಲೋಚಿಸಿ ನೋಡಿ. ಬಿಲಾಲ್‌ರಿಗೆ(ರ) ಮಕ್ಕಾ ಕೊಟ್ಟದ್ದಾದರೂ ಏನು? ಗುಲಾಮಗಿರಿ, ಸುಡುವ ಮರಳು, ಎದೆಯ ಮೇಲೆ ಬಂಡೆ. ಆದರೂ ಊರು ಊರೇ. ಪ್ರವಾದಿವರ್ಯರು(ಸ) ಈ ಹಂಬಲವನ್ನು ಗದರಿಸಲಿಲ್ಲ. ಮಕ್ಕಾದಷ್ಟೇ, ಅಥವಾ ಅದಕ್ಕಿಂತ ಹೆಚ್ಚಾಗಿ, ಮದೀನಾವನ್ನು ನಮಗೆ ಪ್ರಿಯವಾಗಿಸು ಎಂದು ಅಲ್ಲಾಹನಲ್ಲಿ ಪ್ರಾರ್ಥಿಸಿದರು. ಆದ್ದರಿಂದ ಪರದೇಶದಲ್ಲಿ ಹಬ್ಬದ ದಿನ ಕಣ್ಣು ತೇವವಾದರೆ ಅದು ವಿಶ್ವಾಸದ ಕೊರತೆಯಲ್ಲ.

ಇನ್ನೊಂದು ಹದೀಸ್‌ನಲ್ಲಿ ಇದೇ ಬಿಲಾಲ್‌ರನ್ನು(ರ) ಮದೀನಾದ ಒಂದು ಈದ್‌ನ ದಿನ ಕಾಣುತ್ತೇವೆ. ಪ್ರವಾದಿವರ್ಯರು(ಸ) ಪ್ರವಚನ ಮುಗಿಸಿ ಸ್ತ್ರೀಯರ ಕಡೆಗೆ ಬಂದು ದಾನ ಮಾಡುವಂತೆ ಉಪದೇಶಿಸಿದರು. ಬಿಲಾಲ್(ರ) ತಮ್ಮ ಬಟ್ಟೆಯನ್ನು ಹರಡಿ ಹಿಡಿದರು. ಸ್ತ್ರೀಯರು ಕಿವಿಯೋಲೆ, ಉಂಗುರಗಳನ್ನು ಕಳಚಿ ಅದರಲ್ಲಿ ಹಾಕಿದರು. ಅಂದು ಊರಿನ ಹುಲ್ಲು ನೆನೆದು ನರಳಿದವರು ಇಂದು ಹೊಸ ಊರಿನ ಬಡವರಿಗಾಗಿ ಬಟ್ಟೆ ಹರಡಿ ನಿಂತಿದ್ದಾರೆ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ನನಗೆ ಇಲ್ಲಿ ಸಿಕ್ಕಿತು. ಪರದೇಶಿಯ ಈದ್ ಪೂರ್ಣವಾಗುವುದು ಅವನ ಬಾಗಿಲನ್ನು ಯಾರೋ ಬಂದು ತಟ್ಟಿದಾಗ ಅಲ್ಲ. ಅವನೇ ಹೋಗಿ ಇನ್ನೊಬ್ಬರ ಬಾಗಿಲು ತಟ್ಟಿದಾಗ.

ಕೊಲ್ಲಿ ರಾಷ್ಟ್ರಗಳಲ್ಲಿರುವ ಸಹೋದರರೇ, ಕುಟುಂಬದೊಂದಿಗೆ ಇರುವ ಭಾಗ್ಯ ಅಲ್ಲಿ ಎಲ್ಲರಿಗೂ ಇಲ್ಲ. ಒಂದೇ ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ ಹಾಕಿಕೊಂಡು ಮಲಗುವ ಕೂಲಿಕಾರರಿದ್ದಾರೆ. ಹಬ್ಬದ ದಿನವೂ ಗಾಡಿ ಓಡಿಸುವ, ಇನ್ನೊಬ್ಬರ ಅಡಿಗೆಮನೆಯಲ್ಲಿ ಬೇಯುವ ನಮ್ಮದೇ ನಾಡಿನ ಜನರಿದ್ದಾರೆ. ಒಂದು ಪಾತ್ರೆ ಸುರಕುಂಬಾ ಹೆಚ್ಚು ಮಾಡಿ. ಮಕ್ಕಳ ಕೈಯಲ್ಲಿಯೇ ಕೊಡಿಸಿ. ಈದ್ ಎಂದರೆ ಅಂಗಡಿ, ಆಟಿಕೆ, ಹೊಸ ಬಟ್ಟೆ ಎಂದಷ್ಟೇ ಕಲಿತ ಮಗು ನಾಳೆ ಯಾವ ಊರಿನಲ್ಲಿದ್ದರೂ ಪರದೇಶಿಯೇ.

ಫಿತ್ರ್ ಝಕಾತನ್ನು ಜನರು ಈದ್ ನಮಾಝ್‌ಗೆ ಹೊರಡುವ ಮುಂಚೆಯೇ ಕೊಡಬೇಕೆಂದು ಪ್ರವಾದಿವರ್ಯರ(ಸ) ಆಜ್ಞೆಯಿದೆ. ಅದನ್ನು ಇರುವ ಊರಿನ ಬಡವರಿಗೆ ಕೊಡುವುದು ಉತ್ತಮ. ಊರಲ್ಲಿರುವ ಬಡ ಬಂಧುಗಳಿಗೆ, ಅಥವಾ ಹೆಚ್ಚು ಅಗತ್ಯವುಳ್ಳವರಿಗೆ ಕಳಿಸುವುದರಲ್ಲಿ ದೋಷವಿಲ್ಲ ಎಂದು ಹನಫೀ ವಿದ್ವಾಂಸರು ಹೇಳಿದ್ದಾರೆ. ಆದರೆ ತಾಯಿ ತಂದೆಗೆ ಕೊಡುವುದು ಫಿತ್ರ್ ಆಗದು. ಅದು ನಿಮ್ಮ ಮೇಲಿರುವ ಅವರ ಹಕ್ಕು. ಆ ಹಕ್ಕು ಬರೀ ಹಣದಿಂದ ತೀರುವಂಥದ್ದೂ ಅಲ್ಲ. ಫೋನಿನಲ್ಲಿ ಮುಖ ತೋರಿಸಿ ಎರಡೇ ನಿಮಿಷಕ್ಕೆ ಓಡಿಹೋಗುವ ಮೊಮ್ಮಕ್ಕಳನ್ನು ಅಜ್ಜಿಯ ಭಾಷೆಯಲ್ಲಿ ಮಾತಾಡಲು ಕಲಿಸಿ. ಅದೂ ಈದ್‌ನ ಉಡುಗೊರೆಯೇ.

ಇನ್ನು ಊರಲ್ಲಿರುವ ನಾವು. ಮದೀನಾದಲ್ಲಿ ಅನ್ಸಾರರು ಬಂದವರಿಗೆ ಮನೆಯ ಬಾಗಿಲು ತೆರೆದರು. ನಮ್ಮಲ್ಲಿಂದ ಜನರು ಹೋಗಿದ್ದಾರೆ. ಅವರು ಬಿಟ್ಟುಹೋದ ತಂದೆ ತಾಯಂದಿರು ಇಲ್ಲಿದ್ದಾರೆ. ಅವರಿಗೆ ಅನ್ಸಾರರಾಗುವವರು ಯಾರು? 2020ರ ಮೇ ತಿಂಗಳ ಈದ್ ನೆನಪಿದೆಯೇ? ಸೋಂಕಿನ ಭಯದಿಂದ ಈದ್‌ಗಾಹ್‌ಗಳು ಬರಿದಾಗಿ, ಅಲ್ಲಿಯೂ ಇಲ್ಲಿಯೂ ಮನೆಯಲ್ಲೇ ನಮಾಝ್ ಮಾಡಿದೆವು. ಬಾಗಿಲು ತಟ್ಟುವವರಿಲ್ಲದ ಹಬ್ಬ ಹೇಗಿರುತ್ತದೆಂದು ನಾವೆಲ್ಲರೂ ಅಂದು ಉಂಡು ತಿಳಿದೆವು. ಕೆಲವರಿಗೆ ಪ್ರತಿ ವರ್ಷವೂ ಅದೇ ಹಬ್ಬ.

ಪ್ರವಾದಿವರ್ಯರು(ಸ) ಈದ್‌ನ ದಿನ ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು ದಾರಿ ಹಿಡಿಯುತ್ತಿದ್ದರು. ಎರಡೂ ದಾರಿಯ ಜನರಿಗೆ ಸಲಾಮ್ ಸಿಗಲಿ ಎಂಬುದು ಇದರ ಒಂದು ಮರ್ಮವೆಂದು ವಿದ್ವಾಂಸರು ಹೇಳುತ್ತಾರೆ. ಮದ್ರಸದಲ್ಲಿ ಈ ಸುನ್ನತನ್ನು ವರ್ಷವರ್ಷವೂ ಮಕ್ಕಳಿಗೆ ಕಲಿಸುವ ನಾನು, ಈದ್‌ಗಾಹ್‌ನಿಂದ ನೇರವಾಗಿ ಮನೆಗೇ ಬರುತ್ತಿದ್ದೆ. ಈ ಬಾರಿ ಆ ತಾಯಿಯ ಓಣಿಯಿಂದ ಬಂದೆ. ಅವರ ಮನೆಯಿಂದಲೇ ಮಗನಿಗೆ ಫೋನ್ ಹಚ್ಚಿ ಕೊಟ್ಟೆ. ಅವನು ನೆರೆಯ ಕೋಣೆಯ ನಾಲ್ವರು ಹುಡುಗರನ್ನು ಊಟಕ್ಕೆ ಕರೆದಿದ್ದನಂತೆ. ತಾಯಿ ಆ ನಾಲ್ವರನ್ನೂ ಒಬ್ಬೊಬ್ಬರಾಗಿ ಮಾತಾಡಿಸಿ, ಯಾವ ಊರು, ಉಂಡಿರೋ ಇಲ್ಲವೋ ಎಂದು ಕೇಳಿದರು.

ಅಲ್ಲಾಹನು ದೂರದಲ್ಲಿರುವವರಿಗೆ ಇರುವ ಊರನ್ನು ಪ್ರಿಯವಾಗಿಸಲಿ, ಬಿಟ್ಟುಬಂದ ಮನೆಯನ್ನು ಮರೆಸದಿರಲಿ. ಊರಲ್ಲಿರುವ ನಮಗೆ ನೆರೆಯ ಬಾಗಿಲು ಕಾಣುವ ಕಣ್ಣು ಕೊಡಲಿ. ಆಮೀನ್.